ಡಾಕ್ಟರ್ ಸಿಗದ ಊರಲ್ಲಿ ಮನೇಲಿ ಯಾವ ಪುಸ್ತಕ ಇರ್ಬೇಕು: ನನ್ನ ರಿವ್ಯೂ

ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು, ರಸ್ತೆ ಮೂರೂ ಒಟ್ಟಿಗೆ ಕೈಕೊಡೋ ಊರುಗಳು ನಮ್ಮ ಮಲೆನಾಡಲ್ಲಿ ಇನ್ನೂ ಬೇಕಾದಷ್ಟಿವೆ. ಶರಾವತಿ ಹಿನ್ನೀರಿನ ಆಚೆ ಇರೋ ತುಮರಿ ಕಡೆಯವ್ರನ್ನ ಕೇಳಿ ನೋಡಿ, 2025ರಲ್ಲಿ ಸಿಗಂದೂರು ಸೇತುವೆ ಆಗೋವರೆಗೂ ಸಂಜೆ ಲಾಂಚ್ ನಿಂತ್ಮೇಲೆ ಯಾರಿಗಾದ್ರೂ ಹುಷಾರ್ ತಪ್ಪಿದ್ರೆ ಏನ್ ಪಾಡಾಗ್ತಿತ್ತು ಅಂತ ಹೇಳ್ತಾರೆ. ಇಂಥ ಕಡೆ ಮನೇಲಿ ಒಂದು ಒಳ್ಳೇ ವೈದ್ಯಕೀಯ ಪುಸ್ತಕ ಇರ್ಲೇಬೇಕು. ಯಾವ್ದು ತಗೊಳ್ಳೋದು ಅಂತ ಕೇಳೋರಿಗೆ ನನ್ನ ಉತ್ತರ: ಡೇವಿಡ್ ವರ್ನರ್ ಬರೆದ 'ವೇರ್ ದೇರ್ ಈಸ್ ನೋ ಡಾಕ್ಟರ್', ಆದ್ರೆ ಹೊಸ ಪ್ರಿಂಟೇ ಆಗ್ಬೇಕು, ಜೊತೆಗೆ ಇತ್ತೀಚಿನ ಒಂದು ಫಸ್ಟ್ ಏಡ್ ಪುಸ್ತಕ.

ವರ್ನರ್ ಡಾಕ್ಟರೇ ಅಲ್ಲ, ಜೀವಶಾಸ್ತ್ರ ಓದಿದವರು. 60ರ ದಶಕದಲ್ಲಿ ಮೆಕ್ಸಿಕೋದ ಸಿಯೆರಾ ಮಾದ್ರೆ ಬೆಟ್ಟದ ಹಳ್ಳಿಗಳಿಗೆ ಹೋಗಿ, ಅಲ್ಲಿನ ಜನರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿ ಮೊದ್ಲು ಸ್ಪ್ಯಾನಿಷ್‌ನಲ್ಲಿ ಬರೆದ್ರು, 1977ರಲ್ಲಿ ಇಂಗ್ಲಿಷಿಗೆ ಬಂತು. ನಮ್ಮಲ್ಲಿ ವಾಲಂಟರಿ ಹೆಲ್ತ್ ಅಸೋಸಿಯೇಷನ್ ಆಫ್ ಇಂಡಿಯಾ ಭಾರತದ ಆವೃತ್ತಿ ತಂದಿದೆ. ಮೂಲ ಪ್ರಕಾಶಕರು ಹೆಸ್ಪೆರಿಯನ್, ಅವ್ರ ಸೈಟಲ್ಲಿ ಇಂಗ್ಲಿಷ್ ಪಿಡಿಎಫ್ ಫ್ರೀ ಸಿಗತ್ತೆ. ಆದ್ರೂ ಕಾಗದದ ಪ್ರತಿ ತಗೊಳ್ಳಿ, ಕರೆಂಟ್ ಹೋದ ರಾತ್ರೀಲೇ ಇದು ಬೇಕಾಗೋದು.

ಇದ್ರಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು ಯಾವಾಗ ಮನೇಲಿ ನೋಡ್ಕೋಬಹುದು, ಯಾವಾಗ ಹೊತ್ಕೊಂಡಾದ್ರೂ ಆಸ್ಪತ್ರೆಗೆ ಹೋಗ್ಲೇಬೇಕು ಅನ್ನೋದನ್ನ ಅಷ್ಟು ಸ್ಪಷ್ಟವಾಗಿ ಹೇಳಿರೋದು. ಅಪಾಯದ ಲಕ್ಷಣಗಳದ್ದೇ ಒಂದು ಪಟ್ಟಿ ಇದೆ: ತುಟಿ ಉಗುರು ನೀಲಿಗಟ್ಟೋದು, ಎಬ್ಬಿಸಿದ್ರೂ ಏಳದೇ ಇರೋದು, ಒಂದು ದಿನಕ್ಕಿಂತ ಜಾಸ್ತಿ ಮೂತ್ರ ಹೋಗ್ದೇ ಇರೋದು, ಡಾಂಬರಿನ ಥರ ಕಪ್ಪು ಮಲ, ಕತ್ತು ಬಿಗಿದು ಬೆನ್ನು ಬಿಲ್ಲಿನ ಹಾಗೆ ಬಾಗೋದು. ಗಾಬರೀಲಿ ತಲೆ ಓಡದೇ ಇದ್ದಾಗ ಇಂಥ ಪಟ್ಟಿ ಕಣ್ಣಿಗೆ ಬಿದ್ರೆ ಅದೇ ದೊಡ್ಡ ಉಪಕಾರ. ಕೊನೇಲಿ ರೋಗಿಯ ವಿವರ ಬರೆದು ಕಳ್ಸೋಕೆ ಒಂದು ಫಾರಂ ಇದೆ, ನಾಡಿ ಎಷ್ಟು, ಉಸಿರು ಎಷ್ಟು, ಜ್ವರ ಎಷ್ಟು, ನೋವು ಎಲ್ಲಿ ಅಂತ. ಈಗ ಚೀಟಿ ಕಳ್ಸೋದೇನೂ ಬೇಡ, ಆ ಫಾರಂ ತುಂಬಿಟ್ಕೊಂಡು ಗುಡ್ಡ ಹತ್ತಿ ಸಿಗ್ನಲ್ ಸಿಕ್ಕಿದ ಕೂಡ್ಲೇ ಡಾಕ್ಟ್ರಿಗೆ ಫೋನಲ್ಲಿ ಓದಿ ಹೇಳಿದ್ರೆ ಅವ್ರಿಗೂ ಅರ್ಥ ಆಗತ್ತೆ ನಮ್ಗೂ ಏನೂ ಬಿಟ್ಟುಹೋಗಲ್ಲ. ಓದು ಬರದ ಹಿರಿಯರಿಗೆ ಮಾತ್ರೆ ಯಾವಾಗ ಅಂತ ತೋರ್ಸೋಕೆ ಸೂರ್ಯ ಹುಟ್ಟೋದು, ನಡು ಮಧ್ಯಾಹ್ನ, ಮುಳುಗೋದು, ಚಂದ್ರ ಅಂತ ಚಿತ್ರ ಹಾಕಿದ್ದಾರೆ. ಮಾತ್ರೆ ಕವರ್ ಮೇಲೆ ಅದನ್ನೇ ಬರೆದು ಕೊಟ್ರೆ ಅಜ್ಜಿಗೂ ಗೊಂದಲ ಇರಲ್ಲ.

ಭೇದಿಗೆ ಮನೇಲೇ ಮಾಡೋ ಪಾನೀಯಕ್ಕೆ ಒಂದು ಲೀಟರ್ ನೀರು, ಅರ್ಧ ಟೀ ಚಮಚ ಉಪ್ಪು, ಸಕ್ಕರೆ. ಸಕ್ಕರೆ ಹಾಕೋಕ್ ಮುಂಚೆ ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿರಬಾರದು ಅಂತಾರೆ, ಇಂಥ ಅಳತೆ ಯಾರಾದ್ರೂ ಮರೀತಾರಾ! ಆದ್ರೆ ನೋಡಿ, ನನ್ನತ್ರ ಇರೋ ಹಳೇ ಪ್ರತೀಲಿ ಸಕ್ಕರೆ 8 ಟೀ ಚಮಚ ಅಂತಿದೆ, ಈಗ ಸಾಮಾನ್ಯವಾಗಿ ಹೇಳೋದು 6 ಟೀ ಚಮಚ, ಚಮಚ ಮಟ್ಟಸವಾಗಿರ್ಬೇಕು. ಪ್ರಿಂಟ್ ಆದ ವರ್ಷ ನೋಡಿ ಅಂತ ನಾನು ಒತ್ತಿ ಹೇಳೋದು ಇದಕ್ಕೇ.

ಕೊರತೆಗಳೂ ಇವೆ. ಹಸಿರು ಪುಟಗಳಲ್ಲಿ ಔಷಧಿಗಳ ಹೆಸ್ರು, ಡೋಸು, ಆಂಟಿಬಯೋಟಿಕ್ ಸಮೇತ ಎಲ್ಲಾ ಕೊಟ್ಟಿದ್ದಾರೆ. ಆರೋಗ್ಯ ಕಾರ್ಯಕರ್ತರಿಗೆ ಅದು ಬೇಕು ಸರಿ, ಆದ್ರೆ 108 ಬರೋ ಊರಲ್ಲಿ ಇರೋರು ಅದನ್ನ ನೋಡ್ಕೊಂಡು ತಾವೇ ಮಾತ್ರೆ ಶುರು ಮಾಡೋದು ತಪ್ಪು. ಮಂಗನ ಕಾಯಿಲೆ ಬಗ್ಗೆ ಇದ್ರಲ್ಲಿ ನಂಗೆ ಏನೂ ಸಿಗ್ಲಿಲ್ಲ. 1957ರಲ್ಲಿ ನಮ್ಮ ಕ್ಯಾಸನೂರು ಕಾಡಲ್ಲೇ ಪತ್ತೆಯಾದ ಕಾಯಿಲೆ ಇದು, ಮಂಗ ಸತ್ತ ಕಡೆ ಉಣುಗು ಕಚ್ಚಿ ಜ್ವರ, ಸಿಡಿಯೋ ತಲೆನೋವು, ಮೈಕೈ ನೋವು ಬಂದ್ರೆ ಮನೇಲಿ ಕೂರೋ ಹಾಗಿಲ್ಲ, ರಕ್ತಸ್ರಾವದ ಭಯ ಇರೋದ್ರಿಂದ ಆಸ್ಪಿರಿನ್ನು ಐಬುಪ್ರೊಫೆನ್ನು ಮುಟ್ಟಲೇಬಾರ್ದು. ಇದನ್ನ ಒಂದು ಹಾಳೇಲಿ ಬರೆದು ಪುಸ್ತಕದ ಒಳಗೆ ಅಂಟಿಸ್ಕೊಳ್ಳಿ.

ಫಸ್ಟ್ ಏಡ್ ಪುಸ್ತಕ ಯಾವ್ದೇ ಆಗ್ಲಿ, ಅಂಗಡೀಲಿ ನಿಂತು ಮೊದ್ಲು ಹಾವಿನ ಪುಟ ತೆಗೀರಿ. ಬ್ಲೇಡಲ್ಲಿ ಕುಯ್ದು ವಿಷ ಹೀರಿ, ಮೇಲೆ ಬಿಗಿಯಾಗಿ ಕಟ್ಟಿ ಅಂತಿದ್ರೆ ಅಲ್ಲೇ ವಾಪಸ್ ಇಟ್ಬಿಡಿ. ನಾಗರ, ಕಟ್ಟುಹಾವು, ಕೊಳಕುಮಂಡಲ ಯಾವ್ದೇ ಕಚ್ಲಿ, ಧೈರ್ಯ ಹೇಳೋದು, ಕಚ್ಚಿದ ಕೈಕಾಲು ಅಲುಗಾಡದ ಹಾಗೆ ಇಡೋದು, ಆಂಟಿವೆನಮ್ (ಹಾವಿನ ವಿಷಕ್ಕೆ ಕೊಡೋ ಔಷಧಿ) ಇರೋ ಆಸ್ಪತ್ರೆಗೆ ಓಡೋದು, ಇಷ್ಟೇ. ಆಮೇಲೆ ಸಿಪಿಆರ್, ಅಂದ್ರೆ ಹೃದಯ ನಿಂತವ್ರಿಗೆ ಎದೆ ಒತ್ತಿ ಉಸಿರು ಕೊಡೋದ್ರ ಪುಟ: ದೊಡ್ಡವರಿಗೆ 30 ಸಲ ಎದೆ ಒತ್ತಿ 2 ಸಲ ಉಸಿರು ಅಂತಿರ್ಬೇಕು. 15ಕ್ಕೆ 2 ಅಂತಿದ್ರೆ ಅದು 2005ಕ್ಕಿಂತ ಹಿಂದಿನ ಲೆಕ್ಕ.

ಅಮೆರಿಕದ ಪುಸ್ತಕ ತರಿಸ್ಕೊಳ್ಳೋರು ಹೆಸ್ರುಗಳ ವಿಷ್ಯದಲ್ಲಿ ತುಂಬಾ ಹುಷಾರಾಗಿರ್ಬೇಕು. ಅವ್ರು ಅಸಿಟಮಿನೋಫೆನ್ ಅಂತ ಬರೆದಿರ್ತಾರೆ, ಅದು ನಮ್ಮ ಪ್ಯಾರಸಿಟಮಾಲೇ. ಅಲ್ಬ್ಯುಟೆರಾಲ್ ಅಂದ್ರೆ ಉಬ್ಬಸಕ್ಕೆ ಕೊಡೋ ಸಾಲ್ಬ್ಯುಟಮಾಲ್, ತೂಕ ಪೌಂಡಲ್ಲಿ ಬೇರೆ. ಮಕ್ಕಳ ಪ್ಯಾರಸಿಟಮಾಲ್ ಸಿರಪ್ ನಮ್ಮಲ್ಲಿ 5 ಎಂಎಲ್‌ಗೆ 120 ಮಿಲಿಗ್ರಾಂದೂ ಸಿಗತ್ತೆ, 250ರದ್ದೂ ಸಿಗತ್ತೆ, ಬಾಟ್ಲಿ ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ. 10 ಕೆಜಿ ಮಗುಗೆ ಕೆಜಿಗೆ 15 ಮಿಲಿಗ್ರಾಂ ಲೆಕ್ಕದಲ್ಲಿ ಒಂದು ಸಲಕ್ಕೆ 150 ಮಿಲಿಗ್ರಾಂ, ಅಂದ್ರೆ 250ರದ್ರಲ್ಲಿ 3 ಎಂಎಲ್ ಸಾಕು, 120ರದ್ರಲ್ಲಿ 6 ಎಂಎಲ್ ದಾಟತ್ತೆ. 'ಒಂದು ಚಮಚ ಕೊಡಿ' ಅಂತಷ್ಟೇ ಬರೆದಿರೋ ಪುಸ್ತಕ ನಂಬ್ಬೇಡಿ, ಮಿಲಿಗ್ರಾಂ ಮತ್ತು ತೂಕ ಎರಡೂ ಹೇಳಿರ್ಬೇಕು.

ಹಲ್ಲಿಗೆ ಅಂತ ಮರ್ರೆ ಡಿಕ್ಸನ್ ಅವ್ರ 'ವೇರ್ ದೇರ್ ಈಸ್ ನೋ ಡೆಂಟಿಸ್ಟ್' ಇದೆ, ಒಳ್ಳೇದೇ, ಮನೆಗಿಂತ ಶಾಲೆಗೆ ಜಾಸ್ತಿ ಉಪಯೋಗ. ಮಂಗಳೂರು, ಕಾರವಾರ ಕಡೆ ಹಡಗಲ್ಲಿ ಕೆಲಸ ಮಾಡೋರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಹಡಗಿನ ವೈದ್ಯಕೀಯ ಗೈಡ್ ಗೊತ್ತಿರತ್ತೆ, 2007ರದ್ದು ಮೂರನೇ ಆವೃತ್ತಿ. ಅದು ಹಡಗಲ್ಲಿ ತುಂಬಿದ ಔಷಧಿ ಪೆಟ್ಟಿಗೆ ಇದೆ ಅಂತ ಇಟ್ಕೊಂಡು ಬರೆದಿದ್ದು, ಮನೆಗೆ ಅಷ್ಟು ಹೊಂದಲ್ಲ. ಇನ್ನು ಸಕ್ಕರೆ ಕಾಯಿಲೆಯಿಂದ ಕ್ಯಾನ್ಸರ್‌ವರೆಗೆ ಎಲ್ಲಾ ಅಡುಗೆಮನೇಲೇ ವಾಸಿ ಅಂತ ಬರೆಯೋ ಪುಸ್ತಕಗಳನ್ನ ದಯವಿಟ್ಟು ತಗೋಬೇಡಿ, ಆಸ್ಪತ್ರೆಗೆ ಹೋಗೋ ಹೊತ್ತನ್ನ ತಿಂದು ಹಾಕ್ತವೆ ಅವು.

ತಂದ ಮೇಲೆ ಕಪಾಟಲ್ಲಿ ಬೀಗ ಹಾಕಿ ಇಡ್ಬೇಡಿ. ಅಪಾಯದ ಲಕ್ಷಣಗಳ ಪುಟ, ಭೇದಿ ಪುಟ, ರೋಗಿಯ ಫಾರಂ, ಇವಿಷ್ಟನ್ನ ಜೆರಾಕ್ಸ್ ಮಾಡಿಸಿ ಔಷಧಿ ಡಬ್ಬೀಲಿ ಹಾಕಿ. ದುಡ್ಡು ಮಾಡೋಕಲ್ಲದೆ ಹಂಚೋಕಾದ್ರೆ ಪುಟಗಳನ್ನ ನಕಲು ಮಾಡ್ಬಹುದು ಅಂತ ಪುಸ್ತಕದಲ್ಲೇ ಅನುಮತಿ ಕೊಟ್ಟಿದ್ದಾರೆ, ಪಕ್ಕದ ಮನೆಗೂ ಒಂದು ಸೆಟ್ ಕೊಡಿ.