ಮಳೆ ಲೆಕ್ಕದ ಆ್ಯಪ್‌ಗೆ ಫ್ಲಟರ್, ಕಂಪೋಸ್, ಲಾಟಿ: ಮೂರನ್ನೂ ಹಚ್ಚಿ ನೋಡಿದ ಮೇಲೆ

ಕೊಡಗಿನ ತೋಟಗಾರರಿಗೆ ಮಳೆ ಲೆಕ್ಕ ತೋರಿಸುವ ಆ್ಯಪ್‌ಗೆ ನನ್ನ ಆಯ್ಕೆ, ಒಂದೇ ಕೋಡ್‌ನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಕಟ್ಟುವ ಫ್ಲಟರ್‌ನ ಕಸ್ಟಮ್‌ಪೇಂಟರ್, ಅಂದರೆ ಪರದೆಯ ಚಿತ್ರವನ್ನು ಕೋಡ್‌ನಿಂದಲೇ ಬಿಡಿಸುವ ಭಾಗ. ಅದೇ ಪರದೆಯನ್ನು ಆಂಡ್ರಾಯ್ಡ್ ಆ್ಯಪ್ ಕಟ್ಟುವ ಜೆಟ್‌ಪ್ಯಾಕ್ ಕಂಪೋಸ್‌ನ ಕ್ಯಾನ್ವಾಸ್‌ನಲ್ಲೂ ಲಾಟಿಯಲ್ಲೂ ಕಟ್ಟಿ ನೋಡಿದ ಮೇಲೆಯೇ ಈ ಮಾತು. ಪರದೆಯ ಮೇಲೆ ಇರುವುದು ಎರಡು: ತಿಂಗಳ 31 ಕಂಬಗಳ ಗ್ರಾಫ್, ಅಂಚಿನ ಸುತ್ತ ಊರುಗಳ ಹೆಸರು ಬರೆದ ಒಂದು ದುಂಡು ಡಯಲ್.

ಲಾಟಿ ಈ ಕೆಲಸಕ್ಕೆ ಒಗ್ಗುವುದಿಲ್ಲ. ಆಫ್ಟರ್ ಎಫೆಕ್ಟ್ಸ್ ಎಂಬ ಅನಿಮೇಷನ್ ತಂತ್ರಾಂಶದಲ್ಲಿ ಮಾಡಿದ ಚಲನೆಯನ್ನು ಜೇಸನ್ ಫೈಲಾಗಿ ತೆಗೆದು ಓಡಿಸುವುದು ಅದರ ಕೆಲಸ. ಮೋಡದ ಚಿಹ್ನೆಗೋ ಲೋಡಿಂಗ್ ಹನಿಗೋ ಅದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ಕಂಬದ ಎತ್ತರ ಬರಬೇಕಾದದ್ದು ಇವತ್ತಿನ ಮಳೆಯಿಂದ. ಅದಕ್ಕೆ 31 ಲೇಯರ್‌ಗಳನ್ನೂ ಹೆಸರು ಹಿಡಿದು ಕೋಡ್‌ನಿಂದ ಬದಲಿಸಬೇಕು, ಡಿಸೈನರ್ ಒಂದು ಲೇಯರ್‌ನ ಹೆಸರು ತಿದ್ದಿದರೆ ಆ ಕಂಬ ಅಲ್ಲಾಡುವುದೇ ಇಲ್ಲ. ಅಕ್ಷರಗಳನ್ನು ಗ್ಲಿಫ್ (ಬಿಡಿಬಿಡಿ ಅಕ್ಷರರೂಪ) ಆಗಿ ಎಕ್ಸ್‌ಪೋರ್ಟ್ ಮಾಡಿದರೆ ಕನ್ನಡದ ಒತ್ತುಗಳು ಚದುರುತ್ತವೆ. ಪಠ್ಯವನ್ನು ಮೊದಲೇ ಆಕಾರವಾಗಿ ಬದಲಿಸಿಕೊಂಡರೆ ಸರಿಹೋಗುತ್ತದೆ, ಆದರೆ ಆಮೇಲೆ ಒಂದಕ್ಷರ ತಿದ್ದಲೂ ಡಿಸೈನರ್ ಬಳಿಗೇ ಹೋಗಬೇಕು.

ಉಳಿದದ್ದು ಫ್ಲಟರ್ ಮತ್ತು ಕಂಪೋಸ್. ಗ್ರಾಫ್ ಬಿಡಿಸುವುದರಲ್ಲಿ ಇವೆರಡರ ನಡುವೆ ಹೆಚ್ಚು ಅಂತರವಿಲ್ಲ, ಎಡವುವ ಜಾಗಗಳೂ ಬಹುತೇಕ ಒಂದೇ. ಮಳೆಯನ್ನು ದಶಮಾಂಶದಲ್ಲಿ ಇಡಬೇಡಿ, ಸೆಂಟ್‌ನಲ್ಲಿ (ಇಂಚಿನ ನೂರನೇ ಒಂದು ಭಾಗ) ಪೂರ್ಣಾಂಕವಾಗಿ ಇಡಿ: 2 ಇಂಚು 35 ಸೆಂಟ್ ಎಂದರೆ 235. ಮಿಲಿಮೀಟರ್ ಬೇಕಾದಾಗ ಮಾತ್ರ 0.254ರಿಂದ ಗುಣಿಸಿ. ಲಂಬ ಅಕ್ಷದ ಅಳತೆ ಆಯಾ ತಿಂಗಳ ಗರಿಷ್ಠ ಮಳೆಗೆ ಹೊಂದಿಕೊಳ್ಳಲಿ. ಕಕ್ಕಡದಲ್ಲಿ (ಕೊಡಗಿನ ಆಟಿ ತಿಂಗಳು, ಜುಲೈ-ಆಗಸ್ಟ್) ಭಾಗಮಂಡಲದ ಕಡೆ ಬೀಳುವ ಮಳೆಗೆ ಇಟ್ಟ ಅಳತೆಯಲ್ಲೇ ಏಪ್ರಿಲ್‌ನ ಹೂಮಳೆಯನ್ನೂ ತೋರಿಸಿದರೆ, ಕಾಫಿಗೆ ಅಷ್ಟು ಮುಖ್ಯವಾದ ಆ ಒಂದು ಇಂಚು ಕಣ್ಣಿಗೇ ಬೀಳುವುದಿಲ್ಲ. 360 ಅಗಲದ ಪರದೆಯಲ್ಲಿ 31 ಕಂಬಗಳೆಂದರೆ ಒಂದೊಂದಕ್ಕೆ 12 ಪಿಕ್ಸೆಲ್ ಕೂಡ ಸಿಗದು. ಹಾಗಾಗಿ ಬೆರಳು ಕಂಬದ ಮೇಲೇ ಬೀಳಲಿ ಎಂದು ಕಾಯದೆ, ಮುಟ್ಟಿದ ಜಾಗಕ್ಕೆ ಅಡ್ಡಲಾಗಿ ಹತ್ತಿರವಿರುವ ದಿನವನ್ನು ಆರಿಸಿ.

ಫ್ಲಟರ್‌ನಲ್ಲಿ ಚಲನೆ ತಡವರಿಸುವುದಕ್ಕೆ ಸಾಮಾನ್ಯ ಕಾರಣ ಪ್ರತಿ ಫ್ರೇಮ್‌ಗೂ ಚಿತ್ರ ಬಿಡಿಸುವ ಪೇಂಟ್ ಮೆಥಡ್‌ನ ಒಳಗೇ, ಪಠ್ಯ ಅಳೆದು ಬರೆಯುವ ಟೆಕ್ಸ್ಟ್‌ಪೇಂಟರ್ ಸೃಷ್ಟಿಸಿ ಲೇಔಟ್ ಮಾಡುವುದು. ಸೆಕೆಂಡಿಗೆ 60 ಫ್ರೇಮ್ ಓಡಬೇಕಾದರೆ ಒಂದು ಫ್ರೇಮ್‌ಗೆ ಸಿಗುವುದು ಸುಮಾರು 16 ಮಿಲಿಸೆಕೆಂಡ್. ಪ್ರತಿ ಫ್ರೇಮ್‌ನಲ್ಲೂ 31 ದಿನಾಂಕಗಳನ್ನು ಅಳೆಯುತ್ತ ಕೂತರೆ ಅಗ್ಗದ ಫೋನ್‌ಗಳಲ್ಲಿ ಅದು ಸಾಲದು. ಡೇಟಾ ಬದಲಾದಾಗ ಒಮ್ಮೆ ಅಳೆದಿಟ್ಟುಕೊಳ್ಳಿ. ಅನಿಮೇಷನ್ ಕಂಟ್ರೋಲರನ್ನು ಪೇಂಟರ್‌ನ ರೀಪೇಂಟ್ ಆರ್ಗ್ಯುಮೆಂಟಿಗೆ ಕೊಟ್ಟರೆ ವಿಜೆಟ್ ಮರುಕಟ್ಟದೆ ಚಿತ್ರ ಮಾತ್ರ ಹೊಸದಾಗುತ್ತದೆ. ಸುತ್ತಲೂ ಒಂದು ರೀಪೇಂಟ್‌ಬೌಂಡರಿ ಇರಲಿ, ಆಗ ಪರದೆಯ ಉಳಿದ ಭಾಗ ಮತ್ತೆ ಬಿಡಿಸಬೇಕಾಗುವುದಿಲ್ಲ.

ಇನ್ನು ಡಯಲ್. ಫ್ಲಟರ್ ಹಿಡಿದವರನ್ನು ಅತಿ ಹೆಚ್ಚು ಸತಾಯಿಸುವುದು ಇದೇ. ಆಂಡ್ರಾಯ್ಡ್‌ನ ಮೂಲ ಕ್ಯಾನ್ವಾಸ್‌ನಲ್ಲಿ ಬಾಗಿದ ಗೆರೆಯ ಮೇಲೆ ಪಠ್ಯ ಬರೆಯುವ ಸೌಲಭ್ಯ ಇದೆ, ಕಂಪೋಸ್‌ನಿಂದ ಅದನ್ನು ನೇರವಾಗಿ ಕರೆಯಬಹುದು. ಒತ್ತುಗಳು ಕೂಡಿದ ಮೇಲೆಯೇ ಅಕ್ಷರಗಳು ಗೆರೆಗೆ ಇಳಿಯುತ್ತವೆ. ಫ್ಲಟರ್‌ನ ಕ್ಯಾನ್ವಾಸ್‌ಗೆ ಆ ಸೌಲಭ್ಯ ಇಲ್ಲ. ಪದವನ್ನು ನಾವೇ ತುಂಡು ಮಾಡಿ, ಒಂದೊಂದನ್ನೂ ತಿರುಗಿಸಿ ಬರೆಯಬೇಕು.

ತುಂಡು ಮಾಡುವಲ್ಲೇ ಕನ್ನಡ ಮುರಿಯುತ್ತದೆ. ಖಾಲಿ ಸ್ಟ್ರಿಂಗ್ ಕೊಟ್ಟು ಸ್ಪ್ಲಿಟ್ ಮಾಡಿದರೆ ‘ಮಡಿಕೇರಿ’ಯ ಗುಣಿತ ಚಿಹ್ನೆಗಳು ಅಕ್ಷರ ಬಿಟ್ಟು ಚುಕ್ಕೆವೃತ್ತದ ಮೇಲೆ ಕೂರುತ್ತವೆ. ಪಠ್ಯವನ್ನು ಅಕ್ಷರ ಅಕ್ಷರವಾಗಿ ಬಿಡಿಸುವ ಕ್ಯಾರೆಕ್ಟರ್ಸ್ ಪ್ಯಾಕೇಜ್ ಬಳಸಿದರೆ ಮಡಿಕೇರಿ ಸರಿಹೋಗುತ್ತದೆ, ಪರೀಕ್ಷೆ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಚೆಟ್ಟಳ್ಳಿ, ಗೋಣಿಕೊಪ್ಪ, ಪೊನ್ನಂಪೇಟೆ, ನಾಪೋಕ್ಲು, ಸಿದ್ದಾಪುರ ಇವೆಲ್ಲ ಒಡೆದೇ ಬರುತ್ತವೆ: ಚೆ, ಟ್, ಟ, ಳ್, ಳಿ. ಕಾರಣ ಯೂನಿಕೋಡ್‌ನ ನಿಯಮದಲ್ಲೇ ಇದೆ. 2023ರ 15.1 ಆವೃತ್ತಿಯಲ್ಲಿ ಒತ್ತಕ್ಷರ ಒಡೆಯದಂತೆ ಸೇರಿಸಿದ ನಿಯಮ ದೇವನಾಗರಿ, ತೆಲುಗು, ಮಲಯಾಳಂ ಮುಂತಾದ ಲಿಪಿಗಳಿಗೆ ಅನ್ವಯಿಸಿತು, ಕನ್ನಡವನ್ನು ಆ ಪಟ್ಟಿಗೆ ಸೇರಿಸಿರಲಿಲ್ಲ. ಹಾಗಾಗಿ ಪ್ಯಾಕೇಜ್ ಅಪ್‌ಡೇಟ್ ಮಾಡಿದರೆ ಸರಿಹೋದೀತು ಎಂದು ನೆಚ್ಚಿ ಕೂರಬೇಡಿ.

ಪರಿಹಾರ ಚಿಕ್ಕದು. ಪ್ಯಾಕೇಜ್ ಕೊಟ್ಟ ತುಂಡುಗಳನ್ನು ಸಾಲಾಗಿ ನೋಡುತ್ತ ಹೋಗಿ. ಒಂದು ತುಂಡು ಹಲಂತ ಚಿಹ್ನೆಯಲ್ಲಿ ಮುಗಿದು, ಮುಂದಿನದು ವ್ಯಂಜನದಿಂದ ಶುರುವಾದರೆ ಎರಡನ್ನೂ ಬೆಸೆಯಿರಿ. ವ್ಯಂಜನ ಎಂಬ ಷರತ್ತು ಬಿಡಬೇಡಿ, ಇಲ್ಲವಾದರೆ ‘ಸೆಂಟ್ ಮಳೆ’ಯ ಟ್ ಪಕ್ಕದ ಖಾಲಿ ಜಾಗಕ್ಕೆ ಅಂಟುತ್ತದೆ. ಆಮೇಲೆ ಪ್ರತಿ ತುಂಡಿನ ಅಗಲ ಅಳೆದು ತ್ರಿಜ್ಯದಿಂದ ಭಾಗಿಸಿ: 14 ಅಗಲದ ತುಂಡಿಗೆ 120 ತ್ರಿಜ್ಯದಲ್ಲಿ ಸುಮಾರು 6.7 ಡಿಗ್ರಿ. ಅರ್ಧ ಕೋನ ತಿರುಗಿ, ಬರೆದು, ಉಳಿದರ್ಧ ತಿರುಗಿ ಮುಂದೆ ಹೋಗಿ. ಸಾಲಿನ ಎತ್ತರವನ್ನು ಇಂಗ್ಲಿಷ್ ಡಿಸೈನ್ ನೋಡಿ 1.0 ಇಟ್ಟರೆ ಒತ್ತುಗಳು ಚೌಕದ ಹೊರಗೆ ಇಳಿಯುತ್ತವೆ, ಕ್ಲಿಪ್ ಇದ್ದಲ್ಲಿ ಕತ್ತರಿಸಿಹೋಗುತ್ತವೆ. 1.4ರಿಂದ ಶುರು ಮಾಡಿ. ನೋಟೋ ಸ್ಯಾನ್ಸ್ ಕನ್ನಡ ಫಾಂಟನ್ನು ಆ್ಯಪ್‌ನೊಳಗೇ ಇಟ್ಟರೆ ಎಲ್ಲ ಫೋನ್‌ನಲ್ಲೂ ಅಳತೆ ಒಂದೇ ಬರುತ್ತದೆ.

ಸ್ವಂತ ಲೇಔಟ್ ಬರೆಯುವುದರಲ್ಲೂ ಕಂಪೋಸ್ ಮುಂದು. ಮಕ್ಕಳನ್ನು (ಒಳಗೆ ಕೂರುವ ಭಾಗಗಳನ್ನು) ಅಳೆದು, ಜಾಗ ಕೊಟ್ಟು, ತನ್ನ ಎತ್ತರ ತಾನೇ ಹೇಳುವ ಲೇಔಟ್ ಅಲ್ಲಿ ಒಂದೇ ಫಂಕ್ಷನ್. ಫ್ಲಟರ್‌ನ ಕಸ್ಟಮ್‌ಮಲ್ಟಿಚೈಲ್ಡ್‌ಲೇಔಟ್‌ನ ಗಾತ್ರ ಮಕ್ಕಳ ಗಾತ್ರವನ್ನು ಅನುಸರಿಸಲಾರದು, ಅದು ಬೇಕಾದರೆ ರೆಂಡರ್‌ಬಾಕ್ಸ್ ಎಂಬ ತಳದ ಮಟ್ಟಕ್ಕೇ ಇಳಿಯಬೇಕು.

ಇಷ್ಟಿದ್ದೂ ಫ್ಲಟರ್ ಏಕೆ? ಮಳೆ ಅಳೆದು ಬರೆಯುವವರು ತೋಟದಲ್ಲಿ ಆಂಡ್ರಾಯ್ಡ್ ಹಿಡಿದಿರುತ್ತಾರೆ. ಅದನ್ನು ಬೆಂಗಳೂರಿನಲ್ಲಿ ಕೂತು ನೋಡುವ ಮಕ್ಕಳಲ್ಲಿ ಐಫೋನ್ ಇರುತ್ತದೆ. ಒಬ್ಬರೇ ಕೋಡ್ ಬರೆಯುವಾಗ ಒಂದೇ ಪೇಂಟರ್ ಎರಡೂ ಕಡೆ ಒಂದೇ ಚಿತ್ರ ಕೊಡುವುದು ಎಲ್ಲಕ್ಕಿಂತ ದೊಡ್ಡ ಉಳಿತಾಯ. ಕಂಪೋಸ್‌ನ ಬಹುವೇದಿಕೆ ರೂಪವಾದ ಕಂಪೋಸ್ ಮಲ್ಟಿಪ್ಲಾಟ್‌ಫಾರ್ಮ್ ಕೂಡ 2025ರಲ್ಲಿ ಐಫೋನ್‌ಗೆ ಸ್ಥಿರವಾಯಿತು, ಆದರೆ ಬಾಗಿದ ಪಠ್ಯದ ಆ ಸೌಲಭ್ಯ ಆಂಡ್ರಾಯ್ಡ್‌ನದು, ಐಫೋನ್‌ಗೆ ಮತ್ತೆ ಬೇರೆ ಬರೆಯಬೇಕು. ಬಣ್ಣ, ಕೋನ, ವೇಗಗಳನ್ನು ಹಾಟ್ ರೀಲೋಡ್‌ನಲ್ಲಿ (ಆ್ಯಪ್ ಓಡುತ್ತಿರುವಾಗಲೇ ಬದಲಾವಣೆ ತೋರಿಸುವ ಸೌಲಭ್ಯ) ತಿದ್ದುತ್ತ ಹೋಗುವ ಅಭ್ಯಾಸವೂ ನನ್ನನ್ನು ಫ್ಲಟರ್ ಕಡೆಗೇ ಎಳೆಯುತ್ತದೆ.

ಖರ್ಚಿನ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಪ್ಲೇ ಸ್ಟೋರ್‌ಗೆ ಒಂದೇ ಸಲ 25 ಡಾಲರ್, ಆಪಲ್‌ಗೆ ಪ್ರತಿ ವರ್ಷ 99 ಡಾಲರ್. ಐಫೋನ್‌ಗೆ ಬಿಲ್ಡ್ ತೆಗೆಯಲು ಮ್ಯಾಕ್ ಬೇಕೇ ಬೇಕು, ಸ್ವಂತದ್ದಾದರೂ ಸರಿ, ಕ್ಲೌಡ್‌ನಲ್ಲಿ ಬಾಡಿಗೆಗಾದರೂ ಸರಿ. ಈ ಹಣ ಹೂಡಲು ಕಾರಣವಿಲ್ಲದಿದ್ದರೆ, ಬಳಸುವವರೆಲ್ಲ ಆಂಡ್ರಾಯ್ಡ್‌ನವರೇ ಆಗಿದ್ದರೆ, ಕಂಪೋಸ್ ತೆಗೆದುಕೊಳ್ಳಿ. ಡಯಲ್‌ನ ಕಷ್ಟ ಅಷ್ಟೂ ತಪ್ಪುತ್ತದೆ.