ಅಲಿಕುಡಿಯೋ, ಫಿಲಿಕುಡಿಯೋ? ಎರಡರಲ್ಲೂ ಉಳಿದು ಬಂದ ಕೋಲಾರದವರ ಲೆಕ್ಕ

ಜ್ವಾಲಾಮುಖಿಯಿಂದ ಹುಟ್ಟಿದ, ಜನಜಂಗುಳಿ ಇಲ್ಲದ ಒಂದು ಪುಟ್ಟ ದ್ವೀಪ ಬೇಕು ಅನ್ನುವವರಿಗೆ ನಾನು ಇಟಲಿಯ ಎರಡು ಹೆಸರು ಹೇಳುತ್ತೇನೆ. ಅಲಿಕುಡಿ, ಫಿಲಿಕುಡಿ. ಸಿಸಿಲಿಯ ಉತ್ತರಕ್ಕೆ ಏಳು ಇಯೋಲಿಯನ್ ದ್ವೀಪಗಳಿವೆ, 2000ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಅವುಗಳಲ್ಲಿ ಪಶ್ಚಿಮದ ಕೊನೆಗೆ ಇರುವುದು ಈ ಎರಡು. ಜನ ನುಗ್ಗುವುದು ಲಿಪಾರಿಗೆ, ಪನಾರಿಯಾಗೆ, ಇವತ್ತಿಗೂ ಬೆಂಕಿ ಉಗುಳುವ ಸ್ಟ್ರೊಂಬೊಲಿಗೆ. ಇವೆರಡು ತಣ್ಣಗಾಗಿ ಸಾವಿರಾರು ವರ್ಷ ಆಗಿವೆ. ಹೆಚ್ಚು ಮೌನ ಇರುವುದು ಅಲಿಕುಡಿಯಲ್ಲಿ. ಆದರೂ ಒಂದನ್ನೇ ಆರಿಸಿ ಅಂದರೆ ನಾನು ಫಿಲಿಕುಡಿ ಅನ್ನುತ್ತೇನೆ.

ಹೋಗುವ ದಾರಿ ಎರಡಕ್ಕೂ ಒಂದೇ. ಬೆಂಗಳೂರಿನಿಂದ ವಿಮಾನ ಬದಲಿಸಿಕೊಂಡು ಸಿಸಿಲಿಯ ಕತಾನಿಯಾ, ಅಲ್ಲಿಂದ ಮಿಲಾಜ್ಜೊ ಬಂದರು, ಆಮೇಲೆ ಹೈಡ್ರೋಫಾಯಿಲ್ ದೋಣಿ. ಮೊದಲು ಫಿಲಿಕುಡಿ ಸಿಗುತ್ತದೆ, ಅಲಿಕುಡಿ ಕಟ್ಟಕಡೆಯದು. ಗಾಳಿ ಜೋರಾದರೆ ದೋಣಿ ಬರುವುದಿಲ್ಲ. ಹಾಗಾಗಿ ವಾಪಸ್ ವಿಮಾನಕ್ಕೆ ಮುಂಚೆ ಒಂದೆರಡು ದಿನ ಕೈಯಲ್ಲಿ ಇಟ್ಟುಕೊಳ್ಳಿ, ಅದರಲ್ಲೂ ಅಲಿಕುಡಿಗೆ ಹೋಗುವವರು.

ಅಲಿಕುಡಿ ಅಂದರೆ ಒಂದೇ ಒಂದು ಬೆಟ್ಟ. ಐದು ಚದರ ಕಿಲೋಮೀಟರ್ ಜಾಗ, ಅದರಲ್ಲೇ 675 ಮೀಟರ್ ಎತ್ತರ. ವಾಹನ ಓಡುವ ರಸ್ತೆ ಇಲ್ಲ. ಇರುವುದೆಲ್ಲ ಲಾವಾ ಕಲ್ಲಿನ ಮೆಟ್ಟಿಲು. ನಾವು ಬಾಡಿಗೆಗೆ ಹಿಡಿದ ಮನೆಯವರು ದೂರ ಹೇಳಿದ್ದೇ ಮೆಟ್ಟಿಲ ಲೆಕ್ಕದಲ್ಲಿ. ಸಾಮಾನು ಹೊರುವುದು ಹೇಸರಗತ್ತೆಗಳು. ಒಂದು ಬದಿಗೆ ಗ್ಯಾಸ್ ಸಿಲಿಂಡರ್, ಇನ್ನೊಂದು ಬದಿಗೆ ನೀರಿನ ಬಾಟಲಿಯ ಕಟ್ಟು. ತಿರುವಿನಲ್ಲಿ ಅದು ತಾನೇ ನಿಲ್ಲುತ್ತದೆ, ಉಸಿರು ಬಿಡುತ್ತದೆ, ಯಾರೂ ಹೇಳದೆ ಮತ್ತೆ ಹೊರಡುತ್ತದೆ. ಗೊರಸಿನ ಸದ್ದು ದೂರ ಹೋದ ಮೇಲೆ ಕೇಳುವುದು ಸಮುದ್ರ ಒಂದೇ. ಅಂಥ ಮೌನ ನಾನು ಬೇರೆಲ್ಲೂ ಕೇಳಿಲ್ಲ. ನಮ್ಮ ಕೋಲಾರದ ಅಂತರಗಂಗೆ ಬೆಟ್ಟದಲ್ಲಿ ಬೆಳಗಿನ ಜಾವ ಕೂತರೂ ಕೆಳಗಿನ ಊರಿನ ಹಾರನ್ ಕೇಳಿಸುತ್ತದೆ, ಅಲ್ವಾ?

ಆದರೆ ಅಲ್ಲಿ ದಿನವನ್ನು ಆಳುವುದು ಮೆಟ್ಟಿಲು. ಬ್ರೆಡ್ ತರಲು ಇಳಿಯಬೇಕು, ತಂದ ಮೇಲೆ ಹತ್ತಬೇಕು. ಮಂಡಿ ನೋವಿರುವ ಅಪ್ಪ ಅಮ್ಮನನ್ನು ದಯವಿಟ್ಟು ಅಲ್ಲಿಗೆ ಕರೆದುಕೊಂಡು ಹೋಗಬೇಡಿ.

ಫಿಲಿಕುಡಿ ಸುಮಾರು ಎರಡರಷ್ಟು ದೊಡ್ಡದು. ಬಂದರಿನಿಂದ ಪೆಕೊರಿನಿ ಕಡೆಗೆ ರಸ್ತೆ ಇದೆ, ಸ್ಕೂಟರ್ ಓಡುತ್ತದೆ. ರಸ್ತೆ ಬಿಟ್ಟು ಹಳೆಯ ಕಾಲುದಾರಿ ಹಿಡಿದರೆ ಹತ್ತೇ ನಿಮಿಷದಲ್ಲಿ ನೀವೊಬ್ಬರೇ. ಕಾಪೊ ಗ್ರಾಜಿಯಾನೊ ಅನ್ನುವ ಗುಡ್ಡದ ಮೇಲೆ ಕಂಚಿನ ಯುಗದ ಊರಿನ ಅಡಿಪಾಯಗಳಿವೆ. ಮೊಟ್ಟೆಯಾಕಾರದ ಪುಟ್ಟ ಪುಟ್ಟ ಗುಡಿಸಲುಗಳು, ಗೋಡೆ ಕಟ್ಟಿದ್ದು ಅಲ್ಲೇ ಸಿಕ್ಕ ಲಾವಾ ಕಲ್ಲಿನಿಂದ. ಒಂದು ಕಲ್ಲನ್ನು ಹತ್ತಿರದಿಂದ ನೋಡಿ. ಕಪ್ಪು ಬೂದಿ ಬಣ್ಣದೊಳಗೆ ಅಕ್ಕಿ ನುಚ್ಚಿನಂತೆ ಬಿಳಿ ಹರಳು ಚದುರಿರುತ್ತವೆ. ಲಾವಾ ಮೇಲೆ ಬರುವ ಮುಂಚೆ ನೆಲದೊಳಗೆ ನಿಧಾನಕ್ಕೆ ಬೆಳೆದ ಹರಳುಗಳು ಅವು. ಸಮುದ್ರದಲ್ಲಿ ಲಾ ಕನ್ನಾ ಅಂತ ಒಂಟಿ ಕಲ್ಲುಕಂಬ ನಿಂತಿದೆ, 70 ಮೀಟರಿಗೂ ಎತ್ತರ. ದೋಣಿಯಲ್ಲಿ ಸುತ್ತು ಹಾಕಿ ಬರಬಹುದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಝುಕ್ಕೊ ಗ್ರಾಂಡೆ. ಬಂದರಿನಿಂದ ಕಾಲುದಾರಿಯಲ್ಲೇ ಹೋಗಬೇಕಾದ, ಹೆಚ್ಚುಕಮ್ಮಿ ಖಾಲಿಯಾದ ಹಳ್ಳಿ. ಇಲ್ಲಿಯ ಜನ ಆಸ್ಟ್ರೇಲಿಯಾ, ಅಮೆರಿಕ ಅಂತ ಗುಳೆ ಹೋದರು. ಒಲೆ, ಜಗಲಿ, ಮಳೆನೀರಿನ ತೊಟ್ಟಿ ಹಾಗೇ ಉಳಿದಿವೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನಲ್ಲಿ ಬೀಗ ಬಿದ್ದ ಮನೆಗಳನ್ನು ನೋಡಿದವರಿಗೆ ಈ ಹಳ್ಳಿ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಚಿನ್ನದ ಬಂಡೆಯೂ ಸುಮಾರು 270 ಕೋಟಿ ವರ್ಷ ಹಿಂದಿನ ಲಾವಾನೇ. ಕೆಜಿಎಫ್ ಹತ್ತಿರದ ಪೆದ್ದಪಲ್ಲಿಯಲ್ಲಿ ಜ್ವಾಲಾಮುಖಿ ಸಿಡಿಸಿದ ಚೂರುಗಳು ಬೆಸೆದುಕೊಂಡಿರುವ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಹತ್ತಿರದವರೇ ಎಷ್ಟೋ ಜನ ಅದನ್ನು ನೋಡಿಲ್ಲ ಅನ್ನುವುದು ನನಗೆ ಬೇಜಾರು.

ನೀರಿನ ವಿಷಯದಲ್ಲಿ ಎರಡೂ ದ್ವೀಪ ಒಂದೇ. ನದಿ ಇಲ್ಲ, ಕೆರೆ ಇಲ್ಲ. ಚಾವಣಿಯ ಮಳೆನೀರು ತೊಟ್ಟಿಗೆ ಇಳಿಯುತ್ತದೆ, ಸಾಲದ್ದನ್ನು ಹಡಗು ತರುತ್ತದೆ. ಟ್ಯಾಂಕರ್ ಕಾದು ಬೆಳೆದ ನಮಗೆ ಬಕೆಟ್ ಲೆಕ್ಕ ಹೊಸದಲ್ಲ. ನಲ್ಲಿ ಸುಮ್ನೆ ಬಿಡಬೇಡಿ, ಅಷ್ಟೆ.

ಊಟಕ್ಕೆ ಸಸ್ಯಾಹಾರಿಗಳೂ ಹೆದರಬೇಕಾಗಿಲ್ಲ. ಟೊಮೆಟೊ, ಬದನೆ, ಪಾಸ್ಟಾ ಸಿಗುತ್ತವೆ. ಕೇಪರ್ ಅನ್ನುವ ಗಿಡದ ಮೊಗ್ಗನ್ನು ಉಪ್ಪಲ್ಲಿ ಹಾಕಿಟ್ಟು ಎಲ್ಲದಕ್ಕೂ ಬಳಸುತ್ತಾರೆ, ನಾಲಿಗೆಗೆ ಚುರುಕು. ಅಂಗಡಿ, ಹೋಟೆಲ್ ಫಿಲಿಕುಡಿಯಲ್ಲೇ ಜಾಸ್ತಿ. ಮೇ, ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು. ಆಗಸ್ಟ್‌ನಲ್ಲಿ ಇಟಲಿಯವರೇ ರಜೆಗೆ ಬಂದು ತುಂಬಿಕೊಳ್ಳುತ್ತಾರೆ. ಚಳಿಗಾಲದಲ್ಲಿ ಉಳಿಯಲು ಜಾಗ ಸಿಗುವುದೇ ಕಷ್ಟ.

ಅಷ್ಟು ದೂರ, ಅಷ್ಟು ಖರ್ಚು ಆಗುವುದಿಲ್ಲ ಅನ್ನುವವರಿಗೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ಇದೆ. ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವಾಗ ಉಕ್ಕಿದ ಲಾವಾ ಅಲ್ಲಿ ಕಂಬ ಕಂಬವಾಗಿ ಬಿರಿದು ನಿಂತಿದೆ. ಕಲ್ಲಿನ ಅಂದದಲ್ಲಿ ಇಟಲಿಯ ಈ ಎರಡಕ್ಕಿಂತ ಅದೇ ಮೇಲು. ರಾತ್ರಿ ಉಳಿಯಲು ಬಿಡುವುದಿಲ್ಲ, ಮಳೆಗಾಲದಲ್ಲಿ ದೋಣಿ ಇಲ್ಲ, ಭಾನುವಾರ ಕಾಲಿಡಲು ಜಾಗ ಇರುವುದಿಲ್ಲ. ವಾರದ ನಡುವೆ ಮೊದಲ ದೋಣಿ ಹಿಡಿಯಿರಿ.