ದಾವಣಗೆರೆಯವರೇ, ಹಳೇ ಲ್ಯಾಪ್‌ಟಾಪ್‌ಗೆ ಯುಎಸ್‌ಬಿ 3.0 ಪೋರ್ಟ್ ಹಾಕಿಸುವ ಮುಂಚೆ ಇದನ್ನು ಓದಿ

2,800 ರೂಪಾಯಿ ಹೋಯಿತು. ದುಡ್ಡು ಹೋದರೆ ಹೋಗಲಿ, ಅವ್ವನ ಫೋಟೋಗಳೂ ಅದರ ಜೊತೆ ಹೋಗುವುದರಲ್ಲಿದ್ದವು. ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಯಾಕಂದ್ರೆ ನಾಳೆ ಇನ್ನೊಬ್ಬರು ಅದೇ ಅಂಗಡಿ ಮೆಟ್ಟಿಲು ಹತ್ತುತ್ತಾರೆ.

ನನ್ನ ಲ್ಯಾಪ್‌ಟಾಪ್ 2010ರದು. ಮೂರು ಯುಎಸ್‌ಬಿ ಪೋರ್ಟ್ ಇವೆ, ಮೂರೂ 2.0, ಅಂದರೆ ಹಳೇ ನಿಧಾನದವು. 3.0 ಅದರ ನಂತರ ಬಂದ ವೇಗದ್ದು. ಎಸ್‌ಎಸ್‌ಡಿ, ವಿಂಡೋಸ್ 10 ಹಾಕಿಸಿದ ಮೇಲೆ ಇವತ್ತಿಗೂ ಚೆನ್ನಾಗಿ ಓಡುತ್ತದೆ. ಅದರಲ್ಲಿ ಸುಮಾರು 310 ಜಿಬಿ ಫೋಟೋ ಇವೆ. ದುಗ್ಗಮ್ಮನ ಜಾತ್ರೆ, ಮಗಳ ನಾಮಕರಣ, ಸಂತೇಬೆನ್ನೂರಿನ ಹೊಂಡದ ಮೆಟ್ಟಿಲ ಮೇಲೆ ಅವ್ವ ಚಪ್ಪಲಿ ಪಕ್ಕಕ್ಕಿಟ್ಟು ಕೂತಿರುವುದು. ಅವ್ವ ಈಗಿಲ್ಲ. ಆ ಫೋಟೋ ಬೇರೆ ಎಲ್ಲೂ ಇಲ್ಲ.

ಅದಕ್ಕೇ ಒಂದು ಹೊಸ ಹಾರ್ಡ್ ಡಿಸ್ಕ್ ತಂದೆ. ಆದರೆ 2.0 ಪೋರ್ಟ್‌ನಲ್ಲಿ ಸೆಕೆಂಡಿಗೆ 30 ಎಂಬಿ ದಾಟುವುದೇ ಕಷ್ಟ. ಎಲ್ಲಾ ಕಾಪಿ ಆಗಲು ಮೂರು ಗಂಟೆ ಬೇಕು. ಮೂರು ಗಂಟೆ ಕಾಯೋಕೇನು ಅಂತೀರಾ? ಬ್ಯಾಟರಿ ಸತ್ತು ಎರಡು ವರ್ಷ ಆಯಿತು. ಕರೆಂಟ್ ಹೋದರೆ ಲ್ಯಾಪ್‌ಟಾಪೂ ಹೋಯಿತು. ಬೇಸಿಗೆಯಲ್ಲಿ ನಮ್ಮ ಬೀದಿಯ ಕರೆಂಟ್ ಕತೆ ಹೇಳುವುದೇ ಬೇಡ. ಮೂರು ಸಲ ಶುರು ಮಾಡಿದೆ, ಮೂರು ಸಲವೂ ಅರ್ಧಕ್ಕೆ ನಿಂತಿತು.

ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಫೋನಿನಲ್ಲಿ ಕೇಳಿದಾಗ ಹೇಳಿದ, "ಚಿಕ್ಕಮ್ಮ, ಪಕ್ಕದಲ್ಲಿ ಎಕ್ಸ್‌ಪ್ರೆಸ್‌ಕಾರ್ಡ್ ಸ್ಲಾಟ್ ಇದೆಯಾ ನೋಡು. ಇದ್ರೆ ಅದಕ್ಕೆ 3.0 ಕಾರ್ಡ್ ಹಾಕಿಸಬಹುದು." ಇತ್ತು. ಕಾರ್ಡ್ ಒಳಗೆ ತಳ್ಳುವ ಆ ಕಿಂಡಿ ಪ್ಲಾಸ್ಟಿಕ್ ಮುಚ್ಚಳ ಹಾಕಿಕೊಂಡು ಇಷ್ಟು ವರ್ಷ ಸುಮ್ನೆ ಕೂತಿತ್ತು. ಅವನು ಹೇಳಿದ್ದು ನಿಜವೇ. ಆ ಸ್ಲಾಟ್ ಮದರ್‌ಬೋರ್ಡ್‌ನ ಪಿಸಿಐ ಎಕ್ಸ್‌ಪ್ರೆಸ್ ಅನ್ನುವ ವೇಗದ ದಾರಿಗೆ ನೇರ ಸೇರಿರುತ್ತದೆ. ಹಳೇ ಲ್ಯಾಪ್‌ಟಾಪ್‌ಗಳಲ್ಲಿ 3.0ದ ಪೂರ್ತಿ ವೇಗ ಬರುವುದಿಲ್ಲ, ಹೆಚ್ಚೆಂದರೆ ಸೆಕೆಂಡಿಗೆ 250 ಎಂಬಿ ಒಳಗೆ. ನನ್ನ ಹಾರ್ಡ್ ಡಿಸ್ಕ್ ಓಡುವುದೇ 100ರ ಆಸುಪಾಸು, ಹಾಗಾಗಿ ಅಷ್ಟು ಸಾಕು. ಮೂರು ಗಂಟೆ ಕೆಲಸ ಒಂದು ಗಂಟೆಗೆ ಮುಗಿಯುತ್ತಿತ್ತು.

ಪೇಟೆಯ ಒಂದು ರಿಪೇರಿ ಅಂಗಡಿಗೆ ಹೋದೆ. ಹೆಸರು ಹಾಕುವುದಿಲ್ಲ. ಲ್ಯಾಪ್‌ಟಾಪ್ ತಿರುಗಿಸಿ ನೋಡಿದರು. "ಆಗ್ತದೆ ಮೇಡಂ. ಒರಿಜಿನಲ್ 3.0 ಕಾರ್ಡ್, 2,200. ಫಿಟಿಂಗು, ಡ್ರೈವರು ಸೇರಿ 600. ಒಂದು ಗಂಟೆ ಬಿಟ್ಟು ಬನ್ನಿ, ದೋಸೆ ಗೀಸೆ ತಿಂದ್ಕೊಂಡು ಬನ್ನಿ" ಅಂದರು. ನಾನು ನಂಬಿದೆ. ಆ ಕಾರ್ಡ್ ಸ್ಲಾಟ್‌ಗೆ ತಳ್ಳಿದರೆ ಮುಗಿಯಿತು, ಎರಡು ನಿಮಿಷದ ಕೆಲಸ. ನಿಜವಾದ 3.0 ಕಾರ್ಡ್ ಆದರೆ ವಿಂಡೋಸ್ 10 ಸಾಮಾನ್ಯವಾಗಿ ತಾನೇ ಗುರುತಿಸುತ್ತದೆ. ಡ್ರೈವರ್, ಅಂದರೆ ಕಾರ್ಡ್ ಓಡಿಸುವ ಸಾಫ್ಟ್‌ವೇರ್, ಹುಡುಕುವ ಗೋಳು ಇದ್ದದ್ದು ವಿಂಡೋಸ್ 7ರಲ್ಲಿ. 600 ರೂಪಾಯಿ ಯಾತಕ್ಕೆ ಕೊಟ್ಟೆ ಅಂತ ಈಗ ಕೇಳಿಕೊಳ್ಳುತ್ತಿದ್ದೇನೆ.

ವಾಪಸ್ ಬಂದಾಗ ಎರಡು ನೀಲಿ ಪೋರ್ಟ್ ತೋರಿಸಿದರು. "ನೋಡಿ ಮೇಡಂ, ನೀಲಿ. ನೀಲಿ ಅಂದ್ರೆ 3.0." ಒಂದು ಪೆನ್ ಡ್ರೈವ್ ಚುಚ್ಚಿದರು, ಓಪನ್ ಆಯಿತು. ಬಿಲ್ ಕೇಳಿದ್ದಕ್ಕೆ ಒಂದು ಚೀಟಿಯಲ್ಲಿ "ಯುಎಸ್‌ಬಿ ಕಾರ್ಡ್, 2,800" ಅಂತ ಗೀಚಿ ಕೊಟ್ಟರು. 3.0 ಅನ್ನುವುದು ಆ ಚೀಟಿಯಲ್ಲಿ ಎಲ್ಲೂ ಇರಲಿಲ್ಲ. ಅದನ್ನು ನಾನು ಮನೆಗೆ ಬಂದ ಮೇಲೆ ನೋಡಿದೆ.

ಆ ರಾತ್ರಿ ಕಾಪಿಗೆ ಹಾಕಿದೆ. ಸೆಕೆಂಡಿಗೆ 28 ಎಂಬಿ. ಶುರುವಿಗೆ ಹೀಗೆ ಇರಬಹುದು ಅಂತ ಕಾದೆ. 28, 27, 29. ತೆಗೆದು ಹಳೇ ಪೋರ್ಟ್‌ಗೆ ಹಾಕಿ ನೋಡಿದೆ. 29. ಮತ್ತೆ ಹೊಸದಕ್ಕೆ ಹಾಕಿದೆ. ಆಗ ಪರದೆಯ ಮೂಲೆಯಲ್ಲಿ ಒಂದು ಸಂದೇಶ ಬಂತು, ಈ ಡಿಸ್ಕನ್ನು 3.0 ಪೋರ್ಟ್‌ಗೆ ಹಾಕಿದರೆ ಇನ್ನೂ ವೇಗವಾಗಿ ಕೆಲಸ ಮಾಡುತ್ತದೆ ಅಂತ. ಹಾಕಿರುವುದೇ 3.0 ಪೋರ್ಟ್‌ಗೆ ಅಲ್ವಾ! ಎರಡೆರಡು ಸಲ ಓದಿದೆ. ಹೊಟ್ಟೆಯಲ್ಲಿ ತಣ್ಣಗಾಯಿತು.

ಅಷ್ಟರಲ್ಲಿ ಹಾರ್ಡ್ ಡಿಸ್ಕ್ ಟಕ್ ಟಕ್ ಅನ್ನತೊಡಗಿತು. ಲೈಟ್ ಆರಿತು, ಹತ್ತಿತು, ಮತ್ತೆ ಆರಿತು. ಡಿಸ್ಕ್ ಪರದೆಯಿಂದಲೇ ಮಾಯ. ನನ್ನ ಕೈ ನಡುಗುತ್ತಿತ್ತು. ದೇವರು ದೊಡ್ಡವನು, ನಾನು ಕಟ್ ಮಾಡಿರಲಿಲ್ಲ, ಕಾಪಿ ಮಾಡಿದ್ದೆ. ಕಟ್ ಮಾಡಿದ್ದರೆ ಅವ್ವನ ಫೋಲ್ಡರ್ ಏನಾಗುತ್ತಿತ್ತೋ, ಈಗಲೂ ನೆನೆಸಿಕೊಳ್ಳಲು ಆಗುತ್ತಿಲ್ಲ.

ಭಾನುವಾರ ಅಕ್ಕನ ಮಗ ಬಂದ. ಕಾರ್ಡ್ ಹೊರಗೆ ತೆಗೆದು, ಮೊಬೈಲ್ ಟಾರ್ಚ್ ಬಿಟ್ಟು ಪೋರ್ಟ್ ಒಳಗೆ ನೋಡಿದ. "ಚಿಕ್ಕಮ್ಮ, ನೀನೇ ಎಣಿಸು" ಅಂದ. ಎಣಿಸಿದೆ. ಬಂಗಾರದ ಬಣ್ಣದ ಪಿನ್ನು ನಾಲ್ಕೇ ನಾಲ್ಕು. 3.0 ಅಂದರೆ ಆ ನಾಲ್ಕರ ಜೊತೆ ಇನ್ನೂ ಐದು, ಒಟ್ಟು ಒಂಬತ್ತು ಇರಬೇಕು. ನನ್ನ ಡಿಸ್ಕ್‌ನ ಕೇಬಲ್ಲಿನ ತುದಿಯಲ್ಲಿ ಒಂಬತ್ತೂ ಇದ್ದವು. ಕಾರ್ಡ್‌ನಲ್ಲಿ ಇದ್ದದ್ದು ಬರೀ ನೀಲಿ ಪ್ಲಾಸ್ಟಿಕ್. ಎಕ್ಸ್‌ಪ್ರೆಸ್‌ಕಾರ್ಡ್ ಸ್ಲಾಟ್‌ನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಜೊತೆಗೆ ಒಂದು 2.0 ಲೈನೂ ಇರುತ್ತದಂತೆ. ಈ ಕಾರ್ಡ್ ಆ 2.0 ಲೈನನ್ನೇ ಎರಡು ಪೋರ್ಟ್‌ಗೆ ಹಂಚುವ ಹಬ್ ಅಷ್ಟೇ. ಲ್ಯಾಪ್‌ಟಾಪ್‌ನ ಭಾಗಗಳ ಪಟ್ಟಿ ಇರುವ ಡಿವೈಸ್ ಮ್ಯಾನೇಜರ್ ತೆಗೆದು ತೋರಿಸಿದ. ನಿಜವಾದ ಕಾರ್ಡ್ ಆಗಿದ್ದರೆ ಪೋರ್ಟ್‌ಗಳನ್ನು ನಡೆಸುವ ಹೊಸ ಹೋಸ್ಟ್ ಕಂಟ್ರೋಲರ್ ಅಲ್ಲಿ ಕಾಣಬೇಕಿತ್ತು. ಕಂಡದ್ದು ಜೆನೆರಿಕ್ ಯುಎಸ್‌ಬಿ ಹಬ್. ಡಿಸ್ಕ್ ಟಕ್ ಟಕ್ ಅಂದಿದ್ದೂ ಅದಕ್ಕೇ, ಅದಕ್ಕೆ ಬೇಕಾದಷ್ಟು ಕರೆಂಟ್ ಆ ಹಬ್‌ನಿಂದ ಸಿಗುತ್ತಿರಲಿಲ್ಲ.

ಸೋಮವಾರ ಅಂಗಡಿಗೆ ಹೋದೆ. ಅವರ ಉತ್ತರ ಕೇಳಿ.

"ನಿಮ್ ಲ್ಯಾಪ್‌ಟಾಪೇ ಸ್ಲೋ ಮೇಡಂ."

ಪಿನ್ನು ಎಣಿಸಿ ತೋರಿಸಿದೆ. "ಇದು ಬೇರೆ ಮಾಡೆಲ್ಲು, ಇದರಲ್ಲಿ ಹಂಗೇ ಬರೋದು."

ಹಬ್ ಅಂತ ತೋರಿಸುತ್ತಿದೆಯಲ್ಲ ಅಂದೆ. "ಡ್ರೈವರ್ ಅಪ್‌ಡೇಟ್ ಮಾಡ್ಬೇಕು, 300 ಆಗ್ತದೆ."

300! ಮೋಸ ಮಾಡಿದ್ದಲ್ಲದೆ ಮತ್ತೆ 300! ದುಡ್ಡು ವಾಪಸ್ ಕೊಡಿ ಅಂದೆ. ಆಗ ದನಿ ಬದಲಾಯಿತು. "ಓಪನ್ ಮಾಡಿದ ಐಟಂ ವಾಪಸ್ ತಗಳಲ್ರೀ. ಚೀಟಿ ನೋಡ್ರೀ, 3.0 ಅಂತ ಎಲ್ಲಿ ಬರ್ದೀವಿ?" ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ತಪ್ಪು ಮಾಡಿದವರು ಅವರು, ತಲೆ ತಗ್ಗಿಸಿದ್ದು ನಾನು. ಕೊನೆಗೆ ಒಂದು ಸಣ್ಣ ಟೈಪ್ ಸಿ ಕನೆಕ್ಟರ್ ಮುಂದೆ ತಳ್ಳಿ, "ಇದು ಫ್ರೀ ಇಟ್ಕೊಳ್ಳಿ, ಲೇಟೆಸ್ಟು" ಅಂದರು. ಟೈಪ್ ಸಿ ಅನ್ನುವುದು ಪೋರ್ಟ್‌ನ ಆಕಾರ, ವೇಗ ಅಲ್ಲ. ಅದನ್ನು 2.0 ಪೋರ್ಟ್‌ಗೆ ಚುಚ್ಚಿದರೆ ಬರುವುದು ಅದೇ 28. ಅಲ್ಲೇ ಬಿಟ್ಟು ಬಂದೆ. ಆಮೇಲೆ ವಾಟ್ಸಾಪ್‌ನಲ್ಲಿ ಮೂರು ಮೆಸೇಜ್ ಹಾಕಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಹಾಕಿಸಲೇಬೇಕು ಅನ್ನುವವರು ಬಣ್ಣ ನಂಬಬೇಡಿ, ಪಿನ್ನು ಎಣಿಸಿ. ದುಡ್ಡು ಕೊಡುವ ಮುಂಚೆ ನಿಮ್ಮದೇ ಹಾರ್ಡ್ ಡಿಸ್ಕ್ ಹಾಕಿ, ದೊಡ್ಡ ಫೋಲ್ಡರ್ ಒಂದನ್ನು ಅವರ ಎದುರಿಗೇ ಕಾಪಿ ಮಾಡಿಸಿ. ಪೆನ್ ಡ್ರೈವ್ ಓಪನ್ ಆಯಿತು ಅನ್ನುವುದು ಪರೀಕ್ಷೆಯೇ ಅಲ್ಲ. ಅಸಲಿ ಕಾರ್ಡ್‌ಗೂ ಕೆಲವು ಸಲ ಕರೆಂಟ್ ಸಾಲುವುದಿಲ್ಲ, ಬೇರೆ ಪವರ್ ಕೇಬಲ್ ಚುಚ್ಚಲು ಜಾಗ ಇರುವುದನ್ನೇ ಕೇಳಿ. ಜಿಎಸ್‌ಟಿ ಬಿಲ್ ಮೇಲೆ 3.0 ಅಂತ ಬರೆಸಿ. ಗ್ರಾಹಕರ ಸಹಾಯವಾಣಿ 1915 ಇದೆ. ಆದರೆ ನನ್ನ ಕೈಯಲ್ಲಿ ತೋರಿಸೋಕೆ ಇರುವುದು ಆ ಗೀಚಿದ ಚೀಟಿ ಒಂದೇ.

ಈಗ ಬೆಳಿಗ್ಗೆ ಐದಕ್ಕೆ ಎದ್ದು, ಹಳೇ ಪೋರ್ಟ್‌ನಲ್ಲೇ ಒಂದೊಂದು ಫೋಲ್ಡರ್ ಕಾಪಿ ಮಾಡುತ್ತಿದ್ದೇನೆ. ಆ ಹೊತ್ತಿಗೆ ಕರೆಂಟ್ ಹೋಗುವುದು ಕಡಿಮೆ. ಅವ್ವನ ಫೋಲ್ಡರ್ ನಿನ್ನೆ ಮುಗಿಯಿತು. 2016ರಿಂದ ಈಚಿನದು ಬಾಕಿ ಇದೆ.